ಖಾಲಿ ಕುರ್ಚಿಯಿಂದ ಹಿಡಿದ ಸೊಳ್ಳೆ

ದೆವ್ವದ ಸುದ್ದಿ ಶುರುವಾದರೆ ಎದ್ದು ಹೋಗಿ ಕಾಫಿ ಮಾಡಿಕೊಳ್ಳುವವನು ನಾನು. ಹೇಳುವವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ನೆನಪು ಹೇಳಿದಷ್ಟೂ ನುಣ್ಣಗಾಗುತ್ತದೆ, ಕೊನೆಗೆ ಹೇಳುವವನಿಗೇ ಅದರ ಮೂಲ ಆಕಾರ ಮರೆತುಹೋಗಿರುತ್ತದೆ ಎಂದು ನನ್ನ ಅನುಮಾನ. ಆ ಅನುಮಾನ ಈಗಲೂ ಹೋಗಿಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ಜೆ.ಪಿ. ನಗರದ ಪಕ್ಕದ ಸಾರಕ್ಕಿಯಲ್ಲಿ ನಡೆದದ್ದನ್ನು ಬರೆಯುವಾಗ, ಎಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲವೋ ಅಲ್ಲಿ ನಿಂತು ಹೇಳುತ್ತೇನೆ. ಓದುವವರು ಸೈರಿಸಿಕೊಳ್ಳಬೇಕು.

ಆಗ ನನ್ನ ಕೆಲಸ ಸೊಳ್ಳೆಗಳದು. ಬೇರೆ ದೇಶದ ಸೊಳ್ಳೆ ಇಲ್ಲಿಗೆ ತಾನಾಗಿ ಹಾರಿ ಬರುವುದು ಕಡಿಮೆ. ವಿಮಾನದ ಸರಕಿನಲ್ಲಿ, ಕಂಟೇನರಿನಲ್ಲಿ, ಹಳೇ ಟೈರಿನ ಒಳಮೈಗೆ ಅಂಟಿಕೊಂಡ ಮೊಟ್ಟೆಯಾಗಿ ಬರುತ್ತದೆ. ಆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ. ತಿಂಗಳುಗಟ್ಟಲೆ ಕಾದಿದ್ದು, ಒಂದು ಮಳೆ ಬಿದ್ದರೆ ಹುಳುವಾಗುತ್ತದೆ. ಆದ್ದರಿಂದ ವಿಮಾನ ನಿಲ್ದಾಣದ ಸರಕಿನ ಶೆಡ್ಡುಗಳ ಸುತ್ತ, ಕಂಟೇನರ್ ಇಳಿಸುವ ಅಂಗಳದಲ್ಲಿ, ಕಪ್ಪು ಡಬ್ಬಿಗಳಿಗೆ ನೀರು ತುಂಬಿ, ಒಳಗೊಂದು ಒರಟು ಬಟ್ಟೆಯ ಪಟ್ಟಿ ಇಳಿಬಿಟ್ಟು ಬರುತ್ತಿದ್ದೆವು. ಹೆಣ್ಣು ಸೊಳ್ಳೆ ಆ ಪಟ್ಟಿಯ ಮೇಲೆ ಮೊಟ್ಟೆ ಇಡುತ್ತದೆ. ಪಟ್ಟಿಯನ್ನು ತಂದು ನೀರಿಗೆ ಹಾಕಿ, ಹುಳು ಬೆಳೆಸಿ, ರೆಕ್ಕೆ ಬಂದ ಮೇಲೆ ಭೂತಗನ್ನಡಿಯಲ್ಲಿ ನೋಡಿ, ನಮ್ಮದೋ ಹೊರಗಿನದೋ ಹೇಳಬೇಕು. ಹೊರಗಿನದಾದರೆ ಅಂಗಳಕ್ಕೆಲ್ಲ ಮದ್ದು ಹೊಡೆಸಿ, ನಿಂತ ನೀರು ಚೆಲ್ಲಿಸಿ, ಅದು ಬೇಲಿ ದಾಟದಂತೆ ತಡೆಯಬೇಕು.

ಅಲ್ಲೇ ಸಾಕಿದರೆ ತಪ್ಪಿಸಿಕೊಂಡವು ನಮ್ಮ ಡಬ್ಬಿಗೇ ಬಂದು ಮೊಟ್ಟೆಯಿಟ್ಟು ಗೊಂದಲವಾಗುತ್ತದೆಂದು, ಊರಿನ ಈ ತುದಿಯಲ್ಲಿ, ಹಳೇ ಸಾರಕ್ಕಿಯೊಳಗೆ ಒಂದು ಮನೆಯ ಮಹಡಿ ಹಿಡಿದಿದ್ದೆವು. ಕೆಳಗೆ ಮನೆ ಒಡತಿ ಪುಟ್ಟಮ್ಮ ಇದ್ದರು. ಅವರ ರಾಗಿ ಹೊಲವಿದ್ದಲ್ಲಿ ಈಗ ಈಜುಕೊಳದ ಅಪಾರ್ಟ್‌ಮೆಂಟು ಎದ್ದಿದೆ. ನಮ್ಮ ಕಸುಬು ಅವರಿಗೆ ದಿನವೂ ತಮಾಷೆ.

"ಊರೋರೆಲ್ಲ ಸೊಳ್ಳೆ ಸಾಯ್ಸಿ ಅಂತ ಬಾಯ್ ಬಡ್ಕೊಳ್ತಾರೆ, ನೀವು ನೋಡಿದ್ರೆ ಹಾಲು ತುಪ್ಪ ಹಾಕಿ ಸಾಕ್ತೀರಲ್ಲಪ್ಪ," ಅನ್ನುತ್ತಿದ್ದರು.

"ಹಾಲು ತುಪ್ಪ ಎಲ್ಲಿ ಅಮ್ಮ, ಸಕ್ಕರೆ ನೀರು ಅಷ್ಟೇ," ಅನ್ನುತ್ತಿದ್ದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಶಿವಾನಂದ. ಗದಗದ ಕಡೆಯವನು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ. ನಾವು ಹಾರುವ ಸೊಳ್ಳೆ ಹಿಡಿಯುವ ಒಂದು ಕ್ರಮವನ್ನು ಇಲ್ಲಿ ಹೇಳಲೇಬೇಕು. ಒಬ್ಬ ಮಬ್ಬಿನಲ್ಲಿ ಕುರ್ಚಿಯ ಮೇಲೆ ಮೊಣಕಾಲವರೆಗೆ ಪ್ಯಾಂಟು ಮಡಚಿ ಅಲ್ಲಾಡದೆ ಕೂರುತ್ತಾನೆ. ಇನ್ನೊಬ್ಬ ಪಕ್ಕದಲ್ಲಿ ಮಣೆಯ ಮೇಲೆ ಕೂತು, ಗಾಜಿನ ಕೊಳವೆಗೆ ಜೋಡಿಸಿದ ರಬ್ಬರ್ ನಳಿಕೆಯ ತುದಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಕಾಯುತ್ತಾನೆ. ಕಾಲಿನ ಮೇಲೆ ಸೊಳ್ಳೆ ಇಳಿದದ್ದು ತಿಳಿದ ಕೂಡಲೇ ಕೂತವನು "ಬಂತು" ಅನ್ನಬೇಕು. ಆಗ ಕೆಂಪು ಕಾಗದ ಸುತ್ತಿದ ಟಾರ್ಚು ಹಾಕಿ, ಸೊಳ್ಳೆಯನ್ನು ಉಸಿರಿನಿಂದ ಕೊಳವೆಯೊಳಕ್ಕೆ ಎಳೆದು, ಕೊಳವೆಯ ಬಾಯಿಗೆ ಹತ್ತಿ ತುರುಕಬೇಕು. ಅದೊಂದು ಪದ ಬಿಟ್ಟು ಬೇರೆ ಮಾತಿಲ್ಲ. ಶಿವಾನಂದ ಮಾತ್ರ ಯಾವತ್ತೂ "ಬಂತ್ರಿ" ಅನ್ನುತ್ತಿದ್ದ. ದೊಡ್ಡವರಿಗೆ ಬರೀ "ಬಂತು" ಅನ್ನಲು ಅವನ ನಾಲಿಗೆ ಏಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಶುಕ್ರವಾರ. ಟೈರು ಇಳಿಸಿದ ಅಂಗಳದಿಂದ ತಂದ ಪಟ್ಟಿಯೊಂದರ ಹುಳುಗಳೆಲ್ಲ ಸತ್ತು, ಒಂದೇ ಒಂದು ಹೆಣ್ಣು ಸೊಳ್ಳೆ ಎದ್ದು ಬಂದಿತ್ತು. ಬಟ್ಟೆಯ ಪಂಜರದಲ್ಲಿ ಒಂದೆರಡು ದಿನ ಬಲಿಯಲೆಂದು ಬಿಟ್ಟಿದ್ದೆವು. ಜಾಲರಿಯ ಹೊರಗಿನಿಂದ ನೋಡಿದರೇ ನಮ್ಮ ಊರಿನದಲ್ಲ ಅನ್ನಿಸುತ್ತಿತ್ತು. ಬೆನ್ನಿನ ಮೇಲೆ ಬಿಳಿಯ ಗುರುತು ಇರಬೇಕಾದಲ್ಲಿ ಹೊಂಬಣ್ಣದ ಗೆರೆಗಳಿದ್ದವು.

ಪುಟ್ಟಮ್ಮನ ಮಗಳು ಲತಾ ಹೆರಿಗೆಗೆ ಬಂದು ಕೆಳಗಿದ್ದಳು. ಸಂಜೆಯಾದರೆ ಸೊಳ್ಳೆ ಕಾಟ ಎಂದು ಗೊಣಗುತ್ತಿದ್ದಳಂತೆ. ಶುಕ್ರವಾರ ಕೆಳಗೆಲ್ಲ ಸಾಂಬ್ರಾಣಿ ಹೊಗೆ ಹಾಕುವುದು ಪುಟ್ಟಮ್ಮನ ಪದ್ಧತಿ. ಅವತ್ತು ಅವರಿಗೊಂದು ಯೋಚನೆ ಹೊಳೆದಿದೆ: ಸೊಳ್ಳೆಗಳು ಎಲ್ಲಿಂದ ಬರುತ್ತವೋ ಅಲ್ಲಿಗೇ ಹೊಗೆ ಹಾಕಿಬಿಟ್ಟರೆ? ಒಳಮೆಟ್ಟಿಲು ಹತ್ತಿ, ಬಾಗಿಲು ತೆಗೆದು, ಕೆಂಡದ ಧೂಪಾರತಿ ಹಿಡಿದು ನಮ್ಮ ಕೋಣೆಯೊಳಗೇ ಬಂದುಬಿಟ್ಟರು. ಹೊಗೆ ತಾಗಿದರೆ ಪಂಜರದ ಸೊಳ್ಳೆ ಸಾಯುತ್ತದೆ. ಶಿವಾನಂದ ಪಂಜರ ಎತ್ತಿಕೊಂಡು ಜಾಲರಿ ಹಾಕಿದ ಬಾಲ್ಕನಿಗೆ ಓಡಿದ. ಅಲ್ಲಿ ಇಳಿಸಿ ನೋಡಿದರೆ, ಕೈ ತೂರಿಸುವ ಬಟ್ಟೆತೋಳಿನ ಗಂಟು ಬಿಚ್ಚಿ ಜೋತಾಡುತ್ತಿತ್ತು. ಪಂಜರದಲ್ಲಿ ಏನೂ ಇರಲಿಲ್ಲ.

ಮೊಟ್ಟೆಯಿಂದ ಎದ್ದ ಸೊಳ್ಳೆಯಲ್ಲಿ ರೋಗ ಇರುವುದು ಅಪರೂಪ. ತಾಯಿಯಿಂದ ಮೊಟ್ಟೆಗೆ ದಾಟುವುದುಂಟು, ಆದರೆ ಅಪರೂಪ. ಈ ಮಾತನ್ನು ನಾನೇ ಎಷ್ಟೋ ಜನರಿಗೆ ಧೈರ್ಯವಾಗಿ ಹೇಳಿದ್ದೇನೆ. ಕೆಳಗೊಬ್ಬ ತುಂಬು ಬಸುರಿ ಕೂತಿರುವಾಗ ಅಪರೂಪ ಎನ್ನುವ ಪದ ಬಾಯಿಗೆ ಬರಲಿಲ್ಲ. ಹೊಟ್ಟೆಯೊಳಗಿನ ಮಗುವಿನ ಮಿದುಳನ್ನೇ ಕೆಡಿಸುವ ಜ್ವರಗಳಿವೆ. ಅದು ಬಾಲ್ಕನಿಯಲ್ಲಿದೆಯೋ, ಕೋಣೆಯಲ್ಲಿದೆಯೋ, ತೆರೆದ ಬಾಗಿಲಿಂದ ಮೆಟ್ಟಿಲಿಳಿದು ಹೋಗಿದೆಯೋ ಗೊತ್ತಿಲ್ಲ. ನಾನು ಬಾಗಿಲು ಹಾಕಿಸಿ, ಲತಾಗೆ ಸೊಳ್ಳೆ ಪರದೆಯೊಳಗೆ ಕೂರುವಂತೆ ಹೇಳಿ ಬರಲು ಕೆಳಗೆ ಹೋದೆ.

"ಅಣ್ಣ, ಕಚ್ಚಿದ್ರೆ ಏನಾಗುತ್ತೆ?" ಅಂದಳು.

"ಏನೂ ಆಗಲ್ಲಮ್ಮ, ಸುಮ್ನೆ ಜಾಗ್ರತೆಗೆ," ಅಂದೆ. ಅವಳು ನನ್ನ ಮುಖ ನೋಡಿ, ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

ಮೇಲೆ ಬಂದಾಗ ಶಿವಾನಂದ ಬಾಲ್ಕನಿ ಬಾಗಿಲಲ್ಲಿ ಕುರ್ಚಿ ಹಾಕಿ ಪ್ಯಾಂಟು ಮಡಚಿಯಾಗಿತ್ತು.

"ನಾನು ಕೂರ್ತೀನಿ, ಏಳೋ," ಅಂದೆ.

"ನಿಮ್ಮ ಕಾಲಿಗೆ ಬರಂಗಿಲ್ಲ ಬಿಡ್ರಿ. ನಿಮ್ಮ ಮೈಯಾಗ ರಕ್ತ ಎಲ್ಲೈತಿ, ಬರೀ ಕಾಫಿ ಐತಿ. ಗುಂಗಾಡ ಆದ್ರೇನ್ರಿ, ಸೊಳ್ಳಿಗೂ ರುಚಿ ಇರ್ತದ."

"ಇದು ಆಟ ಅಲ್ಲ ಶಿವು."

"ಗೊತ್ತೈತ್ರಿ. ಗಂಟು ಕಟ್ಟಿದಾಂವ ನಾ. ನಾನ ಕುಂದ್ರತೀನಿ."

ದೀಪ ಆರಿಸಿದೆವು. ಹೊರಗೆ ಸಂಜೆಯ ಬೆಳಕು ಇನ್ನೂ ಸ್ವಲ್ಪ ಇತ್ತು, ಆದರೆ ಒಳಗೆ ಹೊಗೆಯ ಮಂಜು. ಎದುರಿನ ಬೀದಿಯಲ್ಲಿ ಯಾರೋ ಸ್ಕೂಟರು ಹಿಂದೆ ಮುಂದೆ ಮಾಡುತ್ತಿದ್ದರು. ಸುಮಾರು ಹೊತ್ತು ಕಳೆದು "ಬಂತ್ರಿ" ಅಂದ. ಎಳೆದುಕೊಂಡೆ. ಅದನ್ನು ನೋಡಲು ಒಳಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಮೇಜಿನ ದೀಪ ಹಾಕಿದೆ. ಅಲ್ಲಿ ಹೊಗೆ ಹೋಗಲೆಂದು ಹಾಕಿದ್ದ ಎಗ್ಸಾಸ್ಟ್ ಫ್ಯಾನು ಗರಗರ ಅನ್ನುತ್ತಿತ್ತು. ಹಿಡಿದದ್ದು ಚರಂಡಿಯ ಮಾಮೂಲಿ ಸೊಳ್ಳೆ. ದೀಪ ಆರಿಸಿ ಮತ್ತೆ ಬಂದು, ಕತ್ತಲಲ್ಲಿ ತಡವಿಕೊಂಡು ಮಣೆಯ ಮೇಲೆ ಕೂತೆ. ನಳಿಕೆ ಬಾಯಿಗಿಟ್ಟುಕೊಂಡೆ.

ಈಗ ನಿಂತು ಹೇಳಬೇಕಾದ ಜಾಗ ಬಂತು. ಕುರ್ಚಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನಾನು ನೋಡಲಿಲ್ಲ. ಶಿವಾನಂದ ಇದ್ದೇ ಇರುತ್ತಾನೆ ಎಂದುಕೊಂಡು ನೋಡಲಿಲ್ಲ. ಉಸಿರಿನ ಸದ್ದು ಕೇಳಿಸುತ್ತಿತ್ತು ಎಂದು ಬಹಳ ದಿನ ಹೇಳಿಕೊಂಡು ಬಂದೆ. ಅದು ನನ್ನದೇ ಉಸಿರಿರಬಹುದು. ಆದರೆ ಮಾತು ಕೇಳಿದ್ದು ನಿಜ. ನನ್ನ ಕಿವಿಗಿಂತ ಸ್ವಲ್ಪ ಮೇಲೆ, ಕುರ್ಚಿಯಲ್ಲಿ ಕೂತವನ ಬಾಯಿ ಇರುವ ಎತ್ತರದಲ್ಲಿ, ಮೆಲ್ಲಗೆ: "ಬಂತು."

ಟಾರ್ಚು ಹಾಕಿದೆ. ಕೆಂಪು ಬೆಳಕಿನಲ್ಲಿ ಕಾಲಿನ ಗಂಟಿನ ಮೇಲೆ ಸೊಳ್ಳೆ ಕೂತಿತ್ತು, ಹಿಂಗಾಲು ಎತ್ತಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು. ಕೊಳವೆ ಹತ್ತಿರ ತಂದು ಉಸಿರೆಳೆದೆ. ಸಿಕ್ಕಿತು. ಹತ್ತಿ ತುರುಕಿದೆ.

ನಾನು ಕಾಲನ್ನು ನೋಡಿದೆನೆ? ನನ್ನನ್ನು ನಾನು ಅತಿ ಹೆಚ್ಚು ಸಲ ಕೇಳಿಕೊಂಡ ಪ್ರಶ್ನೆ ಇದು. ಸೊಳ್ಳೆ ಗಾಳಿಯಲ್ಲಿ ಕೂತಿರಲಿಲ್ಲ. ಅದರ ಕೆಳಗೆ ಚರ್ಮವಿತ್ತು. ಶಿವಾನಂದನ ಕಾಲು ತುಂಬ ಕೂದಲು. ಅದಕ್ಕೆ ಮುಂಚೆ ಹಿಡಿದಾಗಿನ ಆ ಕಾಲು ಸ್ಪಷ್ಟವಾಗಿ ನೆನಪಿದೆ. ಇದು ಮಾತ್ರ, ನೆನಪಿಸಿಕೊಂಡ ಪ್ರತಿ ಸಲವೂ ಒಂದೊಂದು ಥರದ ಕಾಲಾಗಿ ಬರುತ್ತದೆ. ಒಮ್ಮೆ ಗಂಡಿನದು, ಒಮ್ಮೆ ಹೆಣ್ಣಿನದು, ಒಮ್ಮೆ ಬಹಳ ವಯಸ್ಸಾದದ್ದು.

"ಸಿಕ್ತು ಶಿವು, ಏಳು," ಅಂದೆ. ಎದ್ದು ದೀಪ ಹಾಕಿದೆ. ಕುರ್ಚಿ ಖಾಲಿ. ಅದೇ ಹೊತ್ತಿಗೆ ಕೆಳಗಿನಿಂದ ಶಿವಾನಂದನ ದನಿ ಕೇಳಿಸಿತು: "ಆ ಮೂಲಿ ಹಗ್ಗ ಹಿಡೀರಿ ಅಮ್ಮಾರ, ಇಲ್ಲಾ ಅಂದ್ರ ಪರದಿ ನನ್ನ ತಲಿ ಮ್ಯಾಲ ಬೀಳ್ತದ."

ನಾನು ಒಳಕೋಣೆಯಲ್ಲಿದ್ದಾಗ ಪುಟ್ಟಮ್ಮ ಪರದೆ ಕಟ್ಟಿಕೊಡು ಬಾ ಎಂದು ಕರೆದಿದ್ದರು. ಅವನು ನನಗೆ ಕೂಗಿ ಹೇಳಿಯೇ ಇಳಿದಿದ್ದ. ಫ್ಯಾನಿನ ಸದ್ದಿಗೆ ನನಗೆ ಕೇಳಿಸಿರಲಿಲ್ಲ.

ಕೊಳವೆಯನ್ನು ಬೆಳಕಿಗೆ ಹಿಡಿದೆ. ಹೊಂಬಣ್ಣದ ಗೆರೆಗಳು. ಅದೇ. ಹೊಟ್ಟೆ ತುಂಬ ರಕ್ತ. ಹಳೆಯ ಕಪ್ಪು ರಕ್ತವಲ್ಲ, ಆಗಷ್ಟೇ ಕುಡಿದ ಹಸಿ ಕೆಂಪು. ಪಂಜರದಲ್ಲಿ ಅದಕ್ಕೆ ನಾವು ರಕ್ತ ಕೊಟ್ಟಿರಲೇ ಇಲ್ಲ. ನನ್ನ ಕಾಲಿಗೆ ಪ್ಯಾಂಟು, ಕಾಲುಚೀಲ ಎರಡೂ ಇದ್ದವು. ಕೈ, ಕುತ್ತಿಗೆ ಎಲ್ಲ ಕನ್ನಡಿಯಲ್ಲಿ ನೋಡಿಕೊಂಡೆ. ಒಂದು ದದ್ದೂ ಇರಲಿಲ್ಲ. ಶಿವಾನಂದನ ಕಾಲಲ್ಲಿ ಮೊದಲಿನ ಸೊಳ್ಳೆಯ ಗುರುತು ಮಾತ್ರ ಇತ್ತು. ಪುಟ್ಟಮ್ಮನಿಗೂ ಏನೂ ಕಚ್ಚಿರಲಿಲ್ಲ.

ಉಳಿದವಳು ಲತಾ. ಅವಳ ಕೈಕಾಲಲ್ಲಿ ಮೊದಲಿನ ಕಡಿತದ ಗುರುತುಗಳೇ ಬೇಕಾದಷ್ಟಿದ್ದವು, ಹೊಸದು ಯಾವುದೆಂದು ಹೇಳುವಂತಿರಲಿಲ್ಲ. ಮರುದಿನವೇ ಅವಳ ಡಾಕ್ಟರಿಗೆ ಎಲ್ಲ ಹೇಳಿದೆ. ಕುರ್ಚಿಯ ವಿಷಯ ಬಿಟ್ಟು. ರಕ್ತ ಪರೀಕ್ಷೆ ಮಾಡಿದರು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿದರು. ಆ ವಾರಗಳಲ್ಲಿ ಒಳಮೆಟ್ಟಿಲಲ್ಲಿ ಅವಳ ಹೆಜ್ಜೆಯ ಸದ್ದಾದರೆ ನನ್ನ ಕೈಯ ಕೆಲಸ ನಿಂತುಬಿಡುತ್ತಿತ್ತು. ಅಂಗಳಕ್ಕೆ ಮದ್ದು ಹೊಡೆದರು, ಟೈರುಗಳನ್ನು ಒಣಗಿಸಿ ಶೆಡ್ಡಿಗೆ ಸೇರಿಸಿದರು. ಆ ಜಾತಿಯ ಸೊಳ್ಳೆ ಮತ್ತೆ ನಮ್ಮ ಡಬ್ಬಿಗಳಿಗೆ ಬರಲಿಲ್ಲ. ಲತಾಳ ಎರಡೂ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ; ಅವಳಿಗೆ ಹೆಣ್ಣು ಮಗುವಾಯಿತು, ಆರೋಗ್ಯವಾಗಿತ್ತು.

ಶಿವಾನಂದನನ್ನು ಒಮ್ಮೆ ಟೀ ಅಂಗಡಿಯಲ್ಲಿ ಕೂರಿಸಿಕೊಂಡು, ಅವತ್ತು ಮೇಲಿನಿಂದ ಏನಾದರೂ ಕೇಳಿಸಿತೇ ಎಂದು ಕೇಳಿದೆ.

"ಕೇಳಿಸಿತ್ರಿ," ಅಂದ. "ಪರದಿ ಕಟ್ಟಾಕತ್ತಿದ್ದೆ. ಮ್ಯಾಲಿಂದ 'ಬಂತು' ಅಂದಂಗಾತು. ನಿಮ್ಮ ದನಿನ."

"ನನ್ನದಾ?"

"ಮತ್ತ ಇನ್ಯಾರ್ದು? ಸರ್ ಕುರ್ಚ್ಯಾಗ ಕುಂತಾರ ಅನ್ಕೊಂಡೆ. ಹಂಗಾರ ಹಿಡಿಯಾವ್ರು ಯಾರು ಅಂತ ಒಂದು ಗಳಿಗಿ ವಿಚಾರ ಬಂತು. ಆಮ್ಯಾಲ ಹಗ್ಗ ಜಾರ್ತು, ಮರತೆ."

ಅವನ ಮಾತನ್ನು ಒಪ್ಪಿಕೊಂಡರೆ ಸುಲಭ. ಗಾಬರಿಯಲ್ಲಿ ನಾನೇ ಅಂದೆ, ನಾನೇ ಕೇಳಿಸಿಕೊಂಡೆ, ಎಲ್ಲೋ ಕೂತಿದ್ದ ಸೊಳ್ಳೆಯನ್ನು ಹಿಡಿದೆ. ನೆನಪನ್ನು ನಂಬದವನಿಗೆ ಹೇಳಿ ಮಾಡಿಸಿದ ಉತ್ತರ. ಆದರೆ ಆ ಹೊತ್ತಿನಲ್ಲಿ ರಬ್ಬರ್ ನಳಿಕೆ ನನ್ನ ತುಟಿಗಳ ನಡುವೆ ಇತ್ತು. ಅದನ್ನು ಕಚ್ಚಿಕೊಂಡು "ಬಂತು" ಅನ್ನಲು ಬರುವುದಿಲ್ಲ. ನೀವು ಬೇಕಾದರೆ ಒಂದು ಪೆನ್ನು ತುಟಿಯಲ್ಲಿ ಹಿಡಿದು ಅಂದು ನೋಡಿ. ಬ ಹುಟ್ಟುವುದಿಲ್ಲ.

ಮಗುವಿನ ನಾಮಕರಣದ ದಿನ ಊಟ ಮುಗಿಸಿ ಹೊರಟಾಗ ಲತಾ ಬಾಗಿಲ ಬಳಿ ತಡೆದಳು.

"ಅಣ್ಣ, ಈಗಾದ್ರೂ ನಿಜ ಹೇಳಿ. ಅವತ್ತು ಅದು ನನ್ನ ಕಚ್ಚಿತ್ತಾ?"

"ಇಲ್ಲಮ್ಮ. ಹೊಟ್ಟೆ ತುಂಬಿದ ಸೊಳ್ಳೆ ಇನ್ನೊಂದು ಕಾಲು ಹುಡುಕಲ್ಲ, ಗೋಡೆಗೆ ಹೋಗಿ ಕೂರುತ್ತೆ. ನನಗೆ ಸಿಕ್ಕಿದ್ದು ಕುರ್ಚಿ ಹತ್ರ. ಅದು ಕುಡಿದಿದ್ದೂ ಅಲ್ಲೇ."

"ಕುರ್ಚೀಲಿ ಯಾರೂ ಇರ್ಲಿಲ್ಲ ಅಂತ ಶಿವಣ್ಣ ಹೇಳಿದ್ರು."

"ಇರಲಿಲ್ಲ," ಅಂದೆ.

ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ನೋಡಿದಳು. "ಯಾರಾದ್ರೂ ಆಗ್ಲಿ, ಕೂತ್ಕೊಂಡ್ರಲ್ಲ," ಅಂದು ಒಳಗೆ ಹೋದಳು.

ಅವಳಿಗೆ ಅಷ್ಟು ಸಾಕಾಯಿತು. ನನಗೆ ಇನ್ನೂ ಸಾಕಾಗಿಲ್ಲ.