ತೊಳೆದಿಟ್ಟ ಬಟ್ಟಲು

ಬೆಕ್ಕಿಗೆ ಶ್ರಾವಣ ಸೋಮವಾರದ ಉಪವಾಸ ಹಿಡಿಸಿದ ಮುದುಕಿಯನ್ನು ನೀವೆಲ್ಲಾದರೂ ನೋಡಿದ್ದೀರೇನು? ನೋಡಿಲ್ಲವಾದರೆ ಈಗ ನೋಡಿಬಿಡಿ — ನಾನೇ ಅವಳು. ಉಪವಾಸ ಹಿಡಿಸಿದ್ದಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಬೆಕ್ಕು ಉಂಡಿದೆ ಎಂದು ಸೊಸೆಗೆ ಸುಳ್ಳು ಹೇಳಿದೆ. ಆ ಒಂದು ಮಾತಿಗೆ ಬೆಕ್ಕು ಸಾಯುವಂತಾಯಿತು, ಸೊಸೆ ತನ್ನ ಕೈಯನ್ನೇ ನಂಬದಂತಾದಳು, ನಾನು — ಎರಡು ವರ್ಷ ಬಾಯಿ ಮುಚ್ಚಿಕೊಂಡು ಕುಳಿತೆ.

ಫೋನಿನಲ್ಲಿ ಟೈಪು ಮಾಡುವುದನ್ನು ಈಚೆಗೆ ನನಗೆ ಕಲಿಸಿದವಳೂ ಅದೇ ಸೊಸೆ, ಸುಜಾತಾ. ಈ ಉದ್ದ ಗೀಟು ಎಲ್ಲಿದೆ ಎಂದು ಅವಳೇ ತೋರಿಸಿದಳು. ಮಾತು ಗಂಟಲಲ್ಲಿ ನಿಂತಾಗ ಇದನ್ನು ಒತ್ತುತ್ತೇನೆ — ಬಹಳ ಅನುಕೂಲ.

ನಮ್ಮ ಮನೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಸುಜಾತಾ ತಿಕೋಟಾದ ಶಾಲೆಯಲ್ಲಿ ಟೀಚರು. ಅಲ್ಲಿ ಬಿಸಿಯೂಟದ ಕೋಣೆಯ ಮೂಲೆಯಲ್ಲಿ ಸಿಕ್ಕ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದಿದ್ದಳು. ಅದೇ ಗುಂಡ್ಯಾ. ಎಂಟು ವರ್ಷ ರೊಟ್ಟಿ, ಹಾಲು ತಿಂದು ಹೆಸರಿಗೆ ತಕ್ಕ ಹಾಗೆ ಇದ್ದ. ಆಮೇಲೆ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಚ್ಚಿ ನೀರು ಕುಡಿಯತೊಡಗಿದ, ತಿಂದಷ್ಟೂ ಸೊರಗತೊಡಗಿದ. ದನದ ಡಾಕ್ಟರು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, ಸಕ್ಕರೆ ಕಾಯಿಲೆ ಎಂದರು. ನನಗಿಲ್ಲದ ಸಾಹುಕಾರರ ರೋಗ ನಿನಗೆಲ್ಲಿಂದ ಬಂತಪ್ಪ ಎಂದು ನಾನು ಅವನನ್ನು ಕಾಡಿಸಿದೆ. ಸುಜಾತಾ ಅತ್ತಳು.

ದಿನಕ್ಕೆರಡು ಸಲ ಇನ್ಸುಲಿನ್, ಬೆಳಗಿನ ಏಳಕ್ಕೊಂದು, ಸಂಜೆಯ ಏಳಕ್ಕೊಂದು. ಮೊದಲು ಉಣ್ಣಬೇಕು, ಆಮೇಲೆ ಸೂಜಿ. ಉಣ್ಣದಿದ್ದರೆ ಸೂಜಿ ಹಾಕದೆ ಫೋನು ಮಾಡಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಡೆಯುವಾಗ ಜೋಲಿ ಹೊಡೆದರೆ ಕೂಡಲೇ ಒಸಡಿಗೆ ಜೇನು ಸವರಿ ಕರೆತನ್ನಿ ಎಂದೂ ಹೇಳಿದ್ದರು. ಸುಜಾತಾ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಔಷಧವನ್ನು ಸೂಜಿಗೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ಅಳತೆ ನೋಡಿ, ಹೆಗಲ ಮೇಲಿನ ಚರ್ಮ ಎತ್ತಿ ಚುಚ್ಚುತ್ತಿದ್ದಳು. ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಅಷ್ಟು ಚಂದದ ಕೈ ಅದು.

ನನಗೆ ಆಗದಿದ್ದದ್ದು ಅವನ ಹೊಸ ಊಟ. ರೊಟ್ಟಿ, ಹಾಲು ಬಂದ್ ಆಗಿ, ಪ್ಯಾಕೆಟ್ಟಿನ ಮೀನು ಬಂತು. ಲಿಂಗ ಕಟ್ಟಿದವರ ಮನೆಯ ಫ್ರಿಜ್ಜಿನಲ್ಲಿ ಮೀನು! ಸೆರಗಿನಿಂದ ಮೂಗು ಮುಚ್ಚಿ ನಾನೇ ಬಟ್ಟಲಿಗೆ ಹಾಕುತ್ತಿದ್ದೆ. ಅಷ್ಟರ ಮಟ್ಟಿಗೆ ಒಳ್ಳೆಯವಳೇ ಇದ್ದೆ.

ಆ ಸೋಮವಾರ ನಮ್ಮ ಮಠದ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ಪೂಜೆ ಆಗುವವರೆಗೆ ನಮ್ಮ ಮನೆಯಲ್ಲಿ ಯಾರೂ ತುತ್ತು ಬಾಯಿಗಿಡುವುದಿಲ್ಲ. ನಸುಕಿನಲ್ಲಿ ಎದ್ದು ನೆಲ ಒರೆಸಿದ್ದೆ, ಊದುಬತ್ತಿ ಹಚ್ಚಿದ್ದೆ. ಆಮೇಲೆ ಬಟ್ಟಲಿಗೆ ಮೀನು ಹಾಕಿದೆನೋ ಇಲ್ಲವೋ, ವಾಸನೆ ಪಡಸಾಲೆಯವರೆಗೆ ಬಂದಂತಾಯಿತು. ಬಂತೋ, ನನ್ನ ತಲೆಯಲ್ಲೇ ಇತ್ತೋ — ಗುಂಡ್ಯಾ ಬಾಯಿ ಹಾಕುವ ಮೊದಲೇ ಎತ್ತಿ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ. ನಾವೆಲ್ಲ ಹತ್ತರವರೆಗೆ ಉಪವಾಸ ಇರುತ್ತೇವೆ, ಇವನೊಬ್ಬ ಇದ್ದರೇನು ಎಂದುಕೊಂಡೆ. ಬಟ್ಟಲನ್ನು ತಿಕ್ಕಿ ತೊಳೆದು ಬೋರಲು ಹಾಕಿದೆ. ಅವನು ನನ್ನ ಕಾಲು ಸುತ್ತಿ ಸುತ್ತಿ ಒದರುತ್ತಿದ್ದ.

ಸುಜಾತಾ ಬಸ್ಸಿನ ಅವಸರದಲ್ಲಿ, ಒದ್ದೆ ಕೂದಲಿನಲ್ಲಿ ಬಂದಳು. ಒಂದು ಕೈಯಲ್ಲಿ ಸೂಜಿ ಇತ್ತು. ಬೋರಲಿದ್ದ ಬಟ್ಟಲನ್ನು ನೋಡಿದಳು.

"ಉಂಡಾನೇನ್ರಿ ಅತ್ತಿ?"

"ಉಂಡಾನ, ಹಾಕು."

ಇಷ್ಟೇ. ಎಸೆದೆ ಎಂದರೆ ಮುಖ ಸಣ್ಣದು ಮಾಡುತ್ತಾಳೆ, ಮತ್ತೆ ಪ್ಯಾಕೆಟ್ಟು ಒಡೆಯುತ್ತಾಳೆ, ಮತ್ತೆ ವಾಸನೆ — ಅಷ್ಟಕ್ಕೆ ಹೇಳಿದ ಮಾತು. ಅವಳು ಸೂಜಿ ಹಾಕಿ, ತಲೆ ಸವರಿ ಹೋದಳು.

ಅಯ್ಯನವರು ಮಣೆಯ ಮೇಲೆ ಕುಳಿತು ಪೂಜೆ ಇನ್ನೇನು ಶುರುವಾಗಬೇಕು, ಗುಂಡ್ಯಾ ಹಿತ್ತಲಿನಿಂದ ಬಂದ. ಕುಡಿದವರಂತೆ ಜೋಲಿ ಹೊಡೆಯುತ್ತಿದ್ದ. ಹೊಸ್ತಿಲು ದಾಟಲು ಹೋಗಿ ಹಿಂಗಾಲು ಮಡಚಿ ಬಿದ್ದ. ಬಾಯಿಂದ ಜೊಲ್ಲು. ಏನಾಗಿದೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಜೇನಿನ ಬಾಟಲಿ ನೆನಪಿಗೆ ಬರಲಿಲ್ಲ. ಎದುರಿಗೆ ಇದ್ದದ್ದು ಪಂಚಾಮೃತದ ಬಟ್ಟಲು, ಇನ್ನೂ ದೇವರಿಗೆ ಮುಟ್ಟಿರದದ್ದು. ಅದರಲ್ಲಿ ಬೆರಳದ್ದಲು ಹೋಗಿ ನಿಂತೆ. ಅಯ್ಯನವರು ನೋಡುತ್ತಿದ್ದರು.

"ಯಾಕ ನಿಂತಿ ಯವ್ವಾ? ಮೊದಲ ಅದಕ್ಕ ಹಚ್ಚು. ನಾ ಕುಂಡ್ರತೇನಿ."

ಯಾರ ಮುಂದೆ ಮನೆ ಶುದ್ಧವಾಗಿ ಕಾಣಲಿ ಎಂದು ನಾನು ಒಂದು ಜೀವವನ್ನು ಉಪವಾಸ ಕೆಡವಿದ್ದೆನೋ, ಅವರೇ ಮಣೆಯಿಂದ ಎದ್ದು ಬಂದು ಅದರ ತಲೆ ಹಿಡಿದರು. ನಾನು ಒಸಡಿಗೆ ಸವರಿದೆ, ಮತ್ತೆ ಸವರಿದೆ. ಸ್ವಲ್ಪ ಹೊತ್ತಿಗೆ ನಾಲಿಗೆ ಆಡಿತು.

ಮಗನೂ ನಾನೂ ಆಟೋದಲ್ಲಿ ದವಾಖಾನೆಗೆ ಒಯ್ದೆವು. ಬೆಳಿಗ್ಗೆ ಉಂಡಿತ್ತೇ ಎಂದು ಡಾಕ್ಟರು ನನ್ನನ್ನೇ ಕೇಳಿದರು. ಮಗ ಪಕ್ಕದಲ್ಲಿದ್ದ. ನಾನು ತಲೆ ಆಡಿಸಿದೆ — ಹೌದು ಎಂದು. ಹಾಗಾದರೆ ಔಷಧ ಹೆಚ್ಚು ಎಳೆದಿರಬೇಕು, ಕೈತಪ್ಪು ಆಗಿರಬೇಕು ಎಂದರು ಅವರು. ಮೊದಲನೆಯ ಸುಳ್ಳು ಗಡಿಬಿಡಿಯಲ್ಲಿ ಹೇಳಿದ್ದು. ಇದನ್ನು ಮಾತ್ರ — ತಿಳಿದೇ ಹೇಳಿದೆ.

ಆ ಸಂಜೆ ಸುಜಾತಾ ಖಾಲಿ ಸೂಜಿಯನ್ನು ಬೆಳಕಿಗೆ ಹಿಡಿದು ಗೀಟುಗಳನ್ನು ಎಣಿಸುತ್ತಲೇ ಇದ್ದಳು. ನಾಲ್ಕು ದಿನ ಪ್ರಯತ್ನಪಟ್ಟಳು. ಕೈ ನಡುಗಿ ಔಷಧ ರೋಮದ ಮೇಲೆಯೇ ಚೆಲ್ಲುತ್ತಿತ್ತು. ಐದನೆಯ ದಿನ ಗುಂಡ್ಯಾನನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ತನ್ನ ಹಳೆಯ ಸೀರೆ ಕಟ್ಟಿ, ಬಬಲೇಶ್ವರದ ತಂಗಿಯ ಮನೆಗೆ ಒಯ್ದಳು. ತಂಗಿ ನರ್ಸು. ಹೊರಡುವಾಗ ಸುಜಾತಾ ಬಾಗಿಲಲ್ಲಿ ನಿಂತು, "ನನ್ನ ಕಡೆ ಇದ್ರ ಸಾಯ್ತಾನ್ರಿ ಅತ್ತಿ" ಎಂದಳು. ಬುಟ್ಟಿಯ ಒಂದು ಹಿಡಿ ಹಿಡಿದು ಆಟೋಗೆ ಏರಿಸಿದವಳು ನಾನೇ.

ಆಮೇಲೆ ದಿನಾ ಸಂಜೆ ಏಳಕ್ಕೆ ಅವಳು ತಂಗಿಗೆ ಫೋನು ಮಾಡುತ್ತಿದ್ದಳು. ಉಂಡಾನೇನು ಎಂದು ಕೇಳುತ್ತಿದ್ದಳು. ಉತ್ತರಕ್ಕೆ ಕಾಯುತ್ತಿದ್ದಳು. ಎರಡು ವರ್ಷ ಪಡಸಾಲೆಯಲ್ಲಿ ಕುಳಿತು ನಾನು ಆ ಒಂದು ಪ್ರಶ್ನೆ ಕೇಳಿಸಿಕೊಂಡೆ.

ಮೊನ್ನೆ ಟೈಪು ಕಲಿಸುತ್ತ, ನನ್ನ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು, ಮನಸ್ಸಿಗೆ ಬಂದದ್ದು ಬರೆಯಿರಿ, ತಪ್ಪಿದರೆ ಅಳಿಸಲು ಬರುತ್ತದೆ ಎಂದಳು. ಮರುದಿನ ಅವಳು ಶಾಲೆಯಲ್ಲಿದ್ದಾಗ ಇದನ್ನೆಲ್ಲ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದೆ. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ. ಅವಳು ಓದಿದ ಗುರುತು ಬಂತು. ದಿನದ ಬಸ್ಸಿಗೆ ಮನೆಗೆ ಬರಲಿಲ್ಲ. ತಿಕೋಟಾದಿಂದ ನೇರ ಬಬಲೇಶ್ವರಕ್ಕೆ ಹೋಗಿ, ತಂಗಿಯ ಕೈಯಿಂದ ಸಂಜೆಯ ಸೂಜಿ ಹಾಕಿಸಿ, ಗುಂಡ್ಯಾನನ್ನು ಅದೇ ಬುಟ್ಟಿಯಲ್ಲಿ ಹೊತ್ತುಕೊಂಡು ಬಂದಳು. ನನ್ನ ಕಡೆ ನೋಡದೆ ಒಳಗೆ ಹೋದಳು.

ಬೆಳಿಗ್ಗೆ ನಾನೇ ಮೀನು ಹಾಕಿದೆ, ಮೂಗು ಮುಚ್ಚದೆ. ಮುದುಕನಾಗಿದ್ದಾನೆ, ನಿಧಾನ ತಿಂದ. ಸುಜಾತಾ ಸೀಸೆಯನ್ನು ಅಂಗೈಗಳಲ್ಲಿ ಉರುಳಿಸುತ್ತ ಬಂದು ನಿಂತಳು. ಅವಳು ಕೇಳುವ ಮೊದಲೇ, "ಉಂಡಾನವ್ವ" ಎಂದೆ.

ಅವಳು ಸೂಜಿ ಎತ್ತಲಿಲ್ಲ.

"ಬಾಯಿಲೆ ಹೇಳಬ್ಯಾಡ್ರಿ ಅತ್ತಿ. ಬಟ್ಟಲ ತೊಳೀಲಾರದ ಹಂಗ ತಂದು ತೋರಸ್ರಿ."