ಲಾರಿಯ ಎದುರು ಕೆಂಪು ಕಾರು

ಬೆಳಿಗ್ಗೆ ಅಂಗಳ ಗುಡಿಸಿ ನೀರು ಹೊಡೆದೆ. ಕುಡಿಯುವ ನೀರು ತುಂಬಿಸಿದೆ. ಶೇಂಗಾ ಹುರಿದು ಸಿಪ್ಪೆ ಕೇರಿದೆ, ಎಳ್ಳು ಹುರಿದೆ, ಬೆಲ್ಲ ಕುಟ್ಟಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಎರಡೂ ಸೇರಿ ಒಂದು ಬುಟ್ಟಿ ತುಂಬ ಬಡಿದೆ. ಹೊಸ ಕಂಪ್ಯೂಟರಿನ ಕೀಬೋರ್ಡಿಗೆ ಹೋಗಿದ್ದ ಬೆಲ್ಲದ ಪಾಕವನ್ನು ತಲೆಪಿನ್ನಿನಿಂದ ಕೆದಕಿದೆ. ಅದೊಂದು ಮಾತ್ರ ಬರಲಿಲ್ಲ.

ಇವತ್ತು ರೊಟ್ಟಿ ಪಂಚಮಿ. ನಾಳೆ ನಾಗಪ್ಪನಿಗೆ ಹಾಲೆರೆಯುವ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಹಾಗಾಗಿ ರೊಟ್ಟಿಯೆಲ್ಲ ಇವತ್ತೇ ಆಗಬೇಕು. ಸಂಜೆಯ ಬಸ್ಸಿಗೆ ಮಸ್ಕಿಯಿಂದ ನಾದಿನಿ ಬರುವವಳಿದ್ದಳು. ಅವಳು ಬರುವುದರೊಳಗೆ ಕಂಪ್ಯೂಟರಿನಲ್ಲಿ ಒಂದು ಕೆಂಪು ಕಾರು ಸರಿಯಾಗಿ ಓಡಬೇಕಿತ್ತು. ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಇದೇ ರಗಳೆ.

ಸಿಂಧನೂರಿನ ಹೊರಗೆ ನಮ್ಮವರದು ಭತ್ತದ ಟ್ರ್ಯಾಕ್ಟರ್ ತೂಗುವ ಕಾಟಾ ಇದೆ. ಅಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ತೂಕದ ಲೆಕ್ಕದ ಜೊತೆಗೆ ಒಂದು ಆಟವೂ ಇತ್ತು. ಕೆಳಗಿನಿಂದ ಕೆಂಪು ಕಾರು ಹೋಗುತ್ತದೆ, ಮೇಲಿನಿಂದ ಲಾರಿಗಳು ಬರುತ್ತವೆ, ಬಾಣದ ಗುರುತಿನ ಕೀ ಒತ್ತಿ ಕಾರನ್ನು ಪಕ್ಕಕ್ಕೆ ಸರಿಸಬೇಕು. ಬಡಿದರೆ ಆಟ ಮುಗಿಯಿತು. ಹೆಚ್ಚು ಲಾರಿ ದಾಟಿದವರು ಗೆದ್ದಂತೆ. ಒಂದು ಪಂಚಮಿಯಲ್ಲಿ ಅಣ್ಣನಿಗೆ ಬುತ್ತಿ ಕೊಡಲು ಕಾಟಾಕ್ಕೆ ಹೋದ ನಾದಿನಿ ಈ ಆಟದಲ್ಲಿ ಅವರನ್ನು ಸೋಲಿಸಿ ಬಂದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಪ್ರತಿ ಪಂಚಮಿಗೆ ತಲಾ ಮೂರು ಸುತ್ತು. ಸೋತವರು ತಮ್ಮ ಕೈಯಿಂದಲೇ ಉಂಡಿ ಕಟ್ಟಿ ಗೆದ್ದವರಿಗೆ ಕೊಡಬೇಕು. ನಮ್ಮವರು ಕಟ್ಟಿದ ಉಂಡಿ ಮಸ್ಕಿ ಮುಟ್ಟುವುದರೊಳಗೆ ಡಬ್ಬಿಯಲ್ಲಿ ಪುಡಿಯಾಗಿರುತ್ತದೆ. ಅವಳು ಅದನ್ನು ಚಮಚದಿಂದ ತಿನ್ನುತ್ತಾಳೆ.

ಮನೆ ಮುಂದಿನ ಬೇವಿನ ಮರ ಇರುವತನಕ ಅವಳು ಪಂಚಮಿಗೆ ಬಂದರೆ ಐದು ದಿನ ಇರುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಮರದೊಂದಿಗೆ ಜೋಕಾಲಿ ಹೋಯಿತು. ಆಮೇಲೆ ಐದು ದಿನ ಎರಡಾಯಿತು. ಈ ಸಲ ಹಳೆಯ ಕಂಪ್ಯೂಟರೂ ಕೈಕೊಟ್ಟಿದೆ ಎಂದು ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು.

"ಜೋಕಾಲಿನೂ ಇಲ್ಲ, ಗಾಡಿನೂ ಇಲ್ಲ. ಇನ್ನ ನಾ ಯಾಕ ಬರ್ಲಿ ಅತ್ತಿಗಿ? ಉಂಡಿ ಮಸ್ಕ್ಯಾಗೂ ಸಿಗ್ತಾವ."

ನಗುತ್ತಲೇ ಹೇಳಿದಳು. ಆದರೆ ಒಂದು ರಾತ್ರಿ ಇದ್ದು ಹೊರಡುತ್ತೇನೆ ಎಂದೂ ಹೇಳಿದಳು. ಫೋನ್ ಇಟ್ಟ ಮೇಲೆ ನನಗೆ ಅಡುಗೆಯಲ್ಲಿ ಮನಸ್ಸು ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ನನ್ನ ಜೊತೆ ಹೊಟ್ಟೆ ಹಿಡಿದು ನಗುವವಳು ಅವಳೊಬ್ಬಳೇ. ಎರಡು ಒಂದಾದರೆ, ಒಂದು ಸೊನ್ನೆಯಾಗಲು ಎಷ್ಟು ಹೊತ್ತು?

ಹಳೆಯದರೊಳಗಿನ ಆಟವನ್ನು ಹೇಗೋ ಪೆನ್‌ಡ್ರೈವಿಗೆ ಇಳಿಸಿಕೊಂಡು ನಮ್ಮವರು ಮನೆಗೆ ತಂದ ಹೊಸ ಕಂಪ್ಯೂಟರಿಗೆ ಹಾಕಿದರು. ಶುರು ಎಂದು ಒತ್ತಿದರು. ಕಾರು ಕಾಣಿಸಲೇ ಇಲ್ಲ, ಆಟ ಮುಗಿಯಿತು ಎಂದು ಬಂತು. ಮತ್ತೆ ಒತ್ತಿದರು. ಬೆರಳು ಕೀಯಿಂದ ಮೇಲೇಳುವ ಮೊದಲೇ ಕಾರು ಲಾರಿಗೆ ಬಡಿದಿತ್ತು. ಅರ್ಧ ತಾಸಿನಲ್ಲಿ ಅವರು ಎಷ್ಟು ಅಪಘಾತ ಮಾಡಿದರೆಂದರೆ, ಅಷ್ಟು ಅಪಘಾತ ಸಿಂಧನೂರಿನ ರಸ್ತೆಗಳು ಒಂದು ಸುಗ್ಗಿಯಲ್ಲೂ ಕಂಡಿರಲಿಕ್ಕಿಲ್ಲ.

ಹಳೆಯ ಮಷೀನನ್ನು ಆಗ ಮಾರಿದ್ದ ಲಿಂಗಸುಗೂರಿನ ರಿಪೇರಿಯವನಿಗೆ ಫೋನ್ ಮಾಡಿದರು. "ಹಳೇ ಮಷೀನಿನ ಓಟ ನೋಡಿ ಮಾಡಿದ್ದ ಆಟ ಅದು ಅಣ್ಣಾರ. ಹೊಸಾದು ಬಾಳ ಜೋರ ಓಡತೈತಿ, ಆಟಾನೂ ಹಂಗ ಓಡತೈತಿ," ಎಂದ ಅವನು.

ಬಾಗಿಲಲ್ಲಿ ಕುಳಿತು ಹತ್ತಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡರು. ಅವರ ತವರಿನವರು ದನ ಕಾಯುವವರು.

"ಲೇ ತಮ್ಮಾ, ತುಡುಗು ದನ ಓಡ್ತೈತಿ ಅಂದ್ರ ಏನ್ ಮಾಡ್ತೀವಿ? ಕೊಳ್ಳಾಗ ಕಟ್ಟಿಗಿ ಕಟ್ತೀವಿ. ಇದಕ್ಕೂ ಏನರ ಕಟ್ಟು."

"ಯವ್ವಾ, ಇದು ದನ ಅಲ್ಲ."

"ಓಡ್ತೈತೋ ಇಲ್ಲೋ?"

ಓಡುತ್ತದೆ. ನಮ್ಮವರು ನಿಜವಾಗಿಯೂ ಕಟ್ಟಿಗೆ ಕಟ್ಟಿದರು. ಭತ್ತದ ನಾಟಿಯ ವಿಡಿಯೋ ಹಚ್ಚಿದರು, ಅದು ನಡೆಯುತ್ತಿರುವಾಗಲೇ ಭಜನೆ ಹಚ್ಚಿದರು, ಅದರ ಮೇಲೆ ಕ್ರಿಕೆಟ್, ಅದರ ಮೇಲೆ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುವುದು. ಎಲ್ಲ ಒಟ್ಟಿಗೆ. ಮಷೀನು ಏದುಸಿರು ಬಿಡಲು ಶುರುಮಾಡಿತು. ಆಗ ಆಟ ಹಚ್ಚಿದರೆ ಕಾರು ನಿಂತೇಬಿಟ್ಟಿತು. ನಾವು ಮೂವರೂ ಬಗ್ಗಿ ನೋಡಿದೆವು. ನಿಂತಿದ್ದ ಕಾರು ಒಮ್ಮೆಲೇ ಜಿಗಿದು ಲಾರಿಯೊಳಗೆ ಹೋಯಿತು. ಮನೆಯೊಳಗೆ ನಾಟಿ, ಭಜನೆ, ಸಿಕ್ಸರ್ ಎಲ್ಲ ಒಂದಾಗಿ ಬಸ್‌ಸ್ಟ್ಯಾಂಡಿನ ಗದ್ದಲ. ಪಕ್ಕದ ಮನೆಯವಳು ಬಂದು, ಯಾರರ ತೀರಿಕೊಂಡ್ರೇನ್ರಿ ಎಂದು ಕೇಳಿ ಹೋದಳು.

"ಕಟ್ಟಿಗಿ ಸಣ್ಣದಾತು," ಎಂದರು ಅತ್ತೆ.

ಸಿಂಧನೂರಿನ ಎರಡು ಅಂಗಡಿಯವರು, ಈ ಹಳೇ ಆಟ ಯಾಕ್ರಿ, ಹೊಸಾದು ಹಾಕಿಕೊಡ್ತೀವಿ ಎಂದರು. ಕೊನೆಗೆ ನಮ್ಮವರು ಮಷೀನನ್ನೇ ಲಿಂಗಸುಗೂರಿಗೆ ಒಯ್ಯುವುದೆಂದಾಯಿತು. ಬಸ್ಸಿನಲ್ಲಿ ಅದುರಬಾರದೆಂದು ನಾನೇ ಅದನ್ನು ಕೂಸಿಗೆ ಹೊದಿಸುವ ಹಳೆಯ ಕೌದಿಯಲ್ಲಿ ಸುತ್ತಿಕೊಟ್ಟೆ. ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ತಂಗಿಗೆ ಗೊತ್ತಾಗಬಾರದೆಂದು ನಮ್ಮವರು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟು ಹೊತ್ತು ತಲೆಯ ಮೇಲೆ ಟವೆಲ್ ಹೊದ್ದು, ಕೌದಿಯನ್ನು ಎದೆಗೆ ಅವುಚಿಕೊಂಡು ಕುಳಿತರಂತೆ.

ಸಂಜೆ ಅವರು ಮನೆ ಸೇರುವ ಮೊದಲೇ ನಾದಿನಿಯ ಫೋನ್ ಬಂತು.

"ಅತ್ತಿಗಿ, ಅಣ್ಣ ಬಸ್ಸಿನ್ಯಾಗ ಕೂಸು ಎತ್ಕೊಂಡು, ಮುಸುಗು ಹೊದ್ಕೊಂಡು ಕುಂತಿದ್ದನಂತ. ನಮ್ಮ ಓಣ್ಯಾಕಿ ನೋಡ್ಯಾಳ. ಯಾರದಬೇ ಆ ಕೂಸು?"

ನಾನು ನಗು ತಡೆದುಕೊಂಡು, ಬಂದು ನೋಡು, ಅಪ್ಪನಂಗ ಐತಿ ಎಂದೆ.

ರಿಪೇರಿಯವನು ಮಷೀನಿನ ಓಟವನ್ನು ಆಟಕ್ಕೆ ತಕ್ಕಷ್ಟು ತಗ್ಗಿಸುವ ಏನೋ ಒಂದನ್ನು ಹಾಕಿಕೊಟ್ಟಿದ್ದ. ಮನೆಯಲ್ಲಿ ಹಚ್ಚಿದೆವು. ಕಾರು ಕಂಡಿತು. ಲಾರಿಯೂ ಕಂಡಿತು. ಆದರೆ ಎರಡೂ ಒಂದರ ಹತ್ತಿರ ಒಂದು ಬರುತ್ತಿವೆಯೋ ಇಲ್ಲವೋ ತಿಳಿಯಲು ಪರದೆಯ ಮೇಲೆ ಕುಂಕುಮದ ಬೊಟ್ಟು ಇಟ್ಟು ನೋಡಬೇಕಾಯಿತು. ಬರುತ್ತಿದ್ದವು. ನಾನು ಹೋಗಿ ಹಿಟ್ಟು ನಾದಿ, ಎರಡು ರೊಟ್ಟಿ ಬಡಿದು, ಬೇಯಿಸಿ ಬಂದೆ. ಆಗ ಮೊದಲನೆಯ ಲಾರಿ ಪಕ್ಕದಲ್ಲಿ ಹಾದುಹೋಗುತ್ತಿತ್ತು.

ಫೋನಿನಲ್ಲಿ ರಿಪೇರಿಯವನನ್ನು ನಾನೇ ಕೇಳಿದೆ, ಇಷ್ಟು ನಿಧಾನ ಯಾಕಪ್ಪಾ ಎಂದು.

"ನಾ ಸರಿಯಾಗೇ ಇಟ್ಟಿದ್ನ್ರಿ ಅಕ್ಕಾರ. ಇನ್ನೊಂಚೂರು ನಿಧಾನ ಮಾಡು, ಇನ್ನೊಂಚೂರು ಮಾಡು ಅಂತ ಅಣ್ಣಾರ ಬಿಡಲೇ ಇಲ್ಲ."

ನಮ್ಮವರು ಕಿಟಕಿಯ ಕಡೆ ನೋಡುತ್ತಿದ್ದರು.

"ಯಾಕ್ರೀ?"

"ಆಕಿ ಕೈ ಬಾಳ ಚುರುಕು ಐತಿ. ಸ್ವಲ್ಪ ನಿಧಾನ ಇದ್ರ ನನಗೂ ಒಂದು ಗೆಲುವು..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಓಟ ಹೆಚ್ಚಿಸಲು ಕೀಬೋರ್ಡಿನ ಮೇಲಿನ ಸಾಲಿನ ಕೊನೆಯ ಕೀ ಒತ್ತಬೇಕಂತೆ. ಒತ್ತಿದರೆ ಓಟ ಹೆಚ್ಚಲಿಲ್ಲ, ದನಿ ಹೆಚ್ಚಿತು. ಇನ್ನೊಮ್ಮೆ ಒತ್ತಿದರೆ ದನಿ ಇನ್ನೂ ಹೆಚ್ಚಿತು. ತೆವಳುವ ಕಾರು, ವಿಮಾನದ ಸದ್ದು. ಅದೇ ಕೀ ದನಿಗೂ ಇದೆ, ಕೆಳಗೆ ಎಡಗಡೆಯ ಕೀಯನ್ನೂ ಜೊತೆಗೆ ಒತ್ತಿ ಎಂದ ರಿಪೇರಿಯವನು. ಆ ಕೀ ಒತ್ತಿದರೆ ಅಲುಗಲಿಲ್ಲ. ಹಬ್ಬಕ್ಕೆ ಮುಂಚೆಯೇ ಉಂಡಿ ಕಟ್ಟುವುದನ್ನು ರೂಢಿ ಮಾಡಿಕೊಳ್ಳುತ್ತೇನೆಂದು ನಮ್ಮವರು ನಿನ್ನೆ ಕೀಬೋರ್ಡಿನ ಪಕ್ಕದಲ್ಲೇ ಪಾಕದ ಬೋಗುಣಿ ಇಟ್ಟುಕೊಂಡು ಕುಳಿತಿದ್ದರು. ಪಾಕ ಆ ಕೀಯ ಕೆಳಗೆ ಹೋಗಿ ಗಟ್ಟಿಯಾಗಿತ್ತು. ಹಬ್ಬಕ್ಕೆ ರಿಪೇರಿಯವನೂ ತನ್ನೂರಿಗೆ ಹೊರಟಿದ್ದ.

ಸಂಜೆ ನಾದಿನಿ ಬಂದಳು. ಕೈಯಲ್ಲಿ ಸಣ್ಣ ಚೀಲ, ಒಂದೇ ಸೀರೆ ಹಿಡಿಯುವಂಥದ್ದು. ಅದನ್ನು ನೋಡಿಯೇ ನನ್ನ ಮುಖ ಸಣ್ಣದಾಯಿತು. ಅವಳು ಕಾಲು ತೊಳೆದು, ಅವ್ವನ ಕಾಲಿಗೆ ಬಿದ್ದು, ನೇರ ಕಂಪ್ಯೂಟರಿನ ಮುಂದೆ ಕುಳಿತಳು.

"ಇದೇನೋ ಅಣ್ಣಾ, ಕೂಸು ತೆವಳಾಕತ್ತೈತಿ?"

"ಇನ್ನಾ ಸಣ್ಣದೈತಿ ಬೇ. ನೀ ಆಡಿ ನೋಡು."

ಅವಳು ಆಡಿದಳು. ಮೊದಮೊದಲು ಕೀ ಮೇಲೆ ಬೆರಳಿಟ್ಟು ಕಾಯ್ದಳು. ಎರಡನೇ ಲಾರಿಯ ಹೊತ್ತಿಗೆ ಎದ್ದು ನೀರು ಕುಡಿದು ಬಂದಳು. ಮೂರನೆಯದಕ್ಕೆ ಚಹಾ ಮಾಡಿ ತಂದಳು. ಆಮೇಲೆ ಅಣ್ಣತಂಗಿ ಬರುವ ಲಾರಿಯಲ್ಲಿ ಏನಿರಬಹುದೆಂದು ಜಗಳಕ್ಕೆ ಬಿದ್ದರು: ಅವರು ಭತ್ತ ಎನ್ನುತ್ತಾರೆ, ಇವಳು ಇಟ್ಟಂಗಿ ಎನ್ನುತ್ತಾಳೆ. ಅತ್ತೆ ತಮ್ಮ ಬತ್ತಿಬುಟ್ಟಿ ತಂದು ಅಲ್ಲೇ ಕುಳಿತರು. ಹಿಂದೆಲ್ಲ ಇವರು ಆಡುವಾಗ ಯಾರೂ ಮಾತಾಡುವಂತಿರಲಿಲ್ಲ, ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತಿತ್ತು. ಏಳನೆಯ ಲಾರಿ ದಾಟಿದ ಮೇಲೆ, ನಾನು ಮಾಡಿದ ಪುಂಡಿಪಲ್ಯದ ಉಪ್ಪು ನೋಡಲು ಒಳಗೆ ಬಂದು ಅವಳು ನನ್ನೊಡನೆ ಮಾತಿಗೆ ನಿಂತಳು; ಎಂಟನೆಯದಕ್ಕೆ ಕಾರು ಬಡಿಯಿತು.

"ಒಂದ ಸುತ್ತಿಗೆ ಸಂಜಿ ಮುಗದೋತು. ಇನ್ನ ಅಣ್ಣನ ಸುತ್ತು ಐತಿ, ಆಮ್ಯಾಲ ಇನ್ನೂ ಎರಡೆರಡು," ಎಂದಳು ಬೆರಳು ಮಡಿಚಿ. ಮಸ್ಕಿಗೆ ಫೋನ್ ಹಚ್ಚಿದಳು. "ರೀ, ನಾಳಿ ಬರಾಕ ಆಗಂಗಿಲ್ರಿ. ಆಟ ಮುಗದಿಲ್ಲ. ಯಾವಾಗ ಮುಗೀತೈತಂತ ನನಗೇನ್ ಗೊತ್ತು? ಲಾರಿ ಬರಬೇಕಲ್ರೀ!"

ಆ ಕೀ ಹಾಗೇ ಇರಲಿ ಎಂದು ನಾನು ತಲೆಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡೆ. ನಾಳೆಗೆಂದು ನನ್ನ ಒಂದು ಸೀರೆ ತೆಗೆದು ಅವಳ ಚೀಲದ ಮೇಲೆ ಇಟ್ಟೆ.

ಊಟಕ್ಕೆ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳಿನ ಉಸುಳಿ, ಶೇಂಗಾ ಚಟ್ನಿ, ಕೆನೆಮೊಸರು. ನಮ್ಮವರು ತಟ್ಟೆಯನ್ನು ಕಂಪ್ಯೂಟರಿನ ಮುಂದೆಯೇ ತರಿಸಿಕೊಂಡರು. ಆರು ಲಾರಿ ದಾಟಿದ್ದರು, ಇನ್ನೆರಡು ದಾಟಿದರೆ ಈ ಸುತ್ತು ಅವರದು. ಏಳನೆಯದು ಪರದೆಯ ತುದಿಯಲ್ಲಿ ಕಾಣಿಸಿಕೊಂಡಾಗ ರೊಟ್ಟಿ, ಮೊಸರು ಮುಗಿಸಿ ಕೈ ಒರೆಸಿಕೊಂಡು ಗೋಡೆಗೆ ಒರಗಿದರು. ಒರಗಿದಲ್ಲೇ ನಿದ್ದೆ ಹೋದರು. ಲಾರಿ ಇನ್ನೂ ಅರ್ಧ ದಾರಿಯಲ್ಲಿತ್ತು. ನಾದಿನಿ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. ಇಬ್ಬರೂ ಅಂಟಿಕೊಂಡು ಕುಳಿತು, ಬಾಯಿಗೆ ಸೆರಗು ಒತ್ತಿ ಹಿಡಿದು, ಲಾರಿ ಬಂದು ಬಡಿಯುವತನಕ ನೋಡುತ್ತಿದ್ದೆವು.