ಗುಳ್ಳೆ ನಿಂತ ಬೆಳಿಗ್ಗೆ

ಅಪ್ಪ ಇಲ್ಲದ್ದರಿಂದ ತಂಗಿಯ ಧಾರೆ ಎರೆಯಬೇಕಾದವನು ನಾನು. ಹೊಳೆನರಸೀಪುರದ ಛತ್ರದಲ್ಲಿ ಹತ್ತು ಗಂಟೆಗೆ ಮುಹೂರ್ತ. ಮನೆಯವರೆಲ್ಲ ಹಿಂದಿನ ದಿನವೇ ಹೋಗಿದ್ದರು. "ಬೆಳಿಗ್ಗೆ ಬರ್ತೀನಿ" ಎಂದು ಹಾಸನದ ಮನೆಯಲ್ಲಿ ನಾನೊಬ್ಬನೇ ಉಳಿದೆ, ಹವಳದ ತೊಟ್ಟಿಯ ಜೊತೆ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಜೀವಂತ ಹವಳ ಸಾಕಿದ್ದೆ. ಹವಳ ಬೆಳೆಯಲು ಸುಣ್ಣದ ಅಂಶ ಬೇಕು. ಅದಕ್ಕೆಂದು ಸತ್ತ ಹವಳದ ಚೂರು ತುಂಬಿದ ಒಂದು ಕೊಳವೆ. ಅದರೊಳಕ್ಕೆ ಸಿಲಿಂಡರಿನಿಂದ ಸೋಡಾ ಗ್ಯಾಸು, ಒಂದೊಂದೇ ಗುಳ್ಳೆಯಾಗಿ. ಗ್ಯಾಸು ಬೆರೆತ ನೀರು ಹುಳಿಯಾಗಿ ಚೂರುಗಳನ್ನು ಕರಗಿಸುತ್ತಿತ್ತು. ಗುಳ್ಳೆ ಹೆಚ್ಚಾದರೆ ತೊಟ್ಟಿಯ ನೀರೂ ಹುಳಿ, ಕಡಿಮೆಯಾದರೆ ಹವಳಕ್ಕೆ ಉಪವಾಸ. ಹಿಂದೊಮ್ಮೆ ನಾನು ಊರಲ್ಲಿಲ್ಲದ ಮೂರು ದಿನದಲ್ಲಿ ವಾಲ್ವ್ ಸಡಿಲಾಗಿ ಅರ್ಧ ತೊಟ್ಟಿ ಬೆಳ್ಳಗಾಗಿ ಸತ್ತಿತ್ತು. ಆಮೇಲೆ ಒಂದು ದಿನವೂ ಬೇರೆ ಕಡೆ ಮಲಗಿದವನಲ್ಲ.

ಮದುವೆಯ ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಗುಳ್ಳೆ ನಿಂತಿತ್ತು. ಸಿಲಿಂಡರ್ ಖಾಲಿ. ನನಗೆ ಗ್ಯಾಸು ತುಂಬಿಕೊಡುತ್ತಿದ್ದವರು ಚನ್ನರಾಯಪಟ್ಟಣದ ಸೋಡಾ ಫ್ಯಾಕ್ಟರಿಯ ಯಜಮಾನರೊಬ್ಬರೇ. ಮದುವೆಯ ಪಂಚೆ ಉಟ್ಟು, ಸ್ಕೂಟರಿನಲ್ಲಿ ಕಾಲ ಬಳಿ ಸಿಲಿಂಡರ್ ಇಟ್ಟುಕೊಂಡು ಹೊರಟೆ. ಫ್ಯಾಕ್ಟರಿಗೆ ಬೀಗ. ಬಾಗೂರಿನ ಮದುವೆ ಮನೆಗೆ ಸೋಡಾ ಹಾಕಲು ಹೋಗಿದ್ದಾರೆ ಎಂದರು ಪಕ್ಕದವರು. ಜಗಲಿಯ ಮೇಲೆ ಕೂತೆ. ಅವರು ಬಂದಾಗ ಎಂಟೂವರೆ.

"ಇದೇನ್ ಸಾ, ಜರಿ ಪಂಚೆ ಉಟ್ಕಂಡ್ ಬಂದ್ಬುಟ್ಟಿದ್ದೀರಿ?"

"ಇವತ್ತು ನನ್ನ ತಂಗಿ ಮದುವೆ."

ಅವರು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಅಂಗಾರೆ ಇಲ್ಯಾಕ್ ಕುಂತಿದ್ದೀರಿ? ಓಗಿ ಸಾ. ಸಿಲಿಂಡರ್ ಇಲ್ಲೇ ಇರ್ಲಿ, ನಾಳೆ ತುಂಬ್ಕೊಡ್ತೀನಿ."

"ಬೇಡ, ಈಗಲೇ ತುಂಬಿಕೊಡಿ."

ತುಂಬಿ ಮುಗಿಯುವಾಗ ಒಂಬತ್ತಾಗುತ್ತ ಬಂದಿತ್ತು. ನೇರ ಹೊಳೆನರಸೀಪುರದ ರಸ್ತೆ ಹಿಡಿದಿದ್ದರೆ ಮುಹೂರ್ತಕ್ಕೆ ಸಿಕ್ಕುತ್ತಿದ್ದೆ. ಎರಡು ದಿನ ಗ್ಯಾಸಿಲ್ಲದಿದ್ದರೆ ಹವಳ ಸಾಯುವುದಿಲ್ಲವೆಂದೂ ಗೊತ್ತಿತ್ತು. ಗೊತ್ತಿದ್ದೂ, ಯಾರೋ ಮೂಗುದಾರ ಹಿಡಿದು ಎಳೆದಂತೆ, ಸ್ಕೂಟರನ್ನು ಹಾಸನದ ಕಡೆಗೇ ತಿರುಗಿಸಿದೆ. ಮನೆಗೆ ಬಂದು ಸಿಲಿಂಡರ್ ಜೋಡಿಸಿ, ಸೆಕೆಂಡಿಗೊಂದು ಗುಳ್ಳೆ ಬರುವವರೆಗೂ ಎಣಿಸುತ್ತ, ವಾಲ್ವ್ ತಿರುಗಿಸುತ್ತ ಕೂತೆ.

ಛತ್ರ ಸೇರಿದಾಗ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಧಾರೆ ಎರೆದವರು ಚಿಕ್ಕಪ್ಪ. ಅಮ್ಮ ನನ್ನ ಮುಖ ನೋಡಲಿಲ್ಲ. ತಂಗಿ ಮಾತ್ರ, ಏನಾಗಿರಬೇಕೆಂದು ಊಹಿಸಿದವಳಂತೆ ಹತ್ತಿರ ಬಂದು, "ನಿನ್ನ ಹವಳ ಸರಿಹೋಯ್ತಾ ಅಣ್ಣ?" ಎಂದಳು. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ್ದಳು. "ಹೂಂ" ಎಂದೆ.

ಮರುವರ್ಷ ಅರಕಲಗೂಡಿನಲ್ಲಿ ಅವಳ ಮನೆಯ ಗೃಹಪ್ರವೇಶ. ವಾಲ್ವ್ ಮುಚ್ಚಿ, ಮನೆಗೆ ಬೀಗ ಹಾಕಿ ಹೋದೆ. "ಎರಡು ದಿನ ಇರ್ತೀನಿ" ಎಂದಾಗ ಅಮ್ಮ ನಂಬಲಿಲ್ಲ. ಇದ್ದೆ. ಆದರೆ ಎಲೆಯ ಮುಂದೆ ಕೂತು ಅನ್ನ ಕಲಸುತ್ತ, ತುಟಿಯೊಳಗೇ ಒಂದು, ಎರಡು, ಮೂರು ಎನ್ನುತ್ತಿದ್ದೆನಂತೆ. ತಂಗಿ ಇನ್ನೊಂದು ಹೋಳಿಗೆ ಬಡಿಸಿ, "ಎಣಿಸ್ಬೇಡ ಅಣ್ಣ, ತಿನ್ನು" ಎಂದಳು.

ಹಾಸನಕ್ಕೆ ಹಿಂತಿರುಗಿದಾಗ ಹವಳವೆಲ್ಲ ಹಾಗೇ ಇತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮದುವೆಯ ದಿನವೂ ಹೀಗೇ ಬಿಟ್ಟು ಹೋಗಬಹುದಿತ್ತು, ಅದು ಅಷ್ಟು ಸುಲಭವಾಗಿತ್ತು ಎಂಬುದೇ ಚುಚ್ಚಿತು.